ಮರ್ಸಿಡಿಸ್ ಕಾರನ್ನು ತಣ್ಣಗಾಗಿಸಿದ ಅನಾಥ ಹುಡುಗ

ಕಳೆದ ಬೇಸಿಗೆಯಲ್ಲಿ ಶಿರಾಡಿ ಘಾಟಿ ಹತ್ತುತ್ತಿದ್ದಾಗ ನನ್ನ ಕಾರು ಕುದಿಯಿತು. ಇಪ್ಪತ್ತು ವರ್ಷ ಹಳೆಯ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ನಾನು ಅದರ ಮೂರನೇ ಮಾಲೀಕ. ಮುಂದೆ ಲಾರಿಗಳ ಸಾಲು, ಒಂದನೇ ಗೇರಿನಲ್ಲಿ ತೆವಳುವ ವೇಗ, ಮಧ್ಯಾಹ್ನದ ಬಿಸಿಲು. ಮೀಟರಿನ ಮುಳ್ಳು ಕೆಂಪು ಗೆರೆಯತ್ತ ಹೋಗುತ್ತಿರೋದನ್ನು ನೋಡಿಯೂ ಇನ್ನೊಂದು ತಿರುವು ದಾಟಿಬಿಡೋಣ ಅಂದುಕೊಂಡೆ. ದಾಟಲಿಲ್ಲ. ಬಾನೆಟ್ ಸಂದಿಯಿಂದ ಹಬೆ ಬಂತು, ಜೊತೆಗೆ ಕೂಲೆಂಟಿನ ಆ ಸಿಹಿ ವಾಸನೆ. ಇಳಿದವನೇ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಹಿಂದಿನ ಲಾರಿಯ ಡ್ರೈವರಣ್ಣ ಓಡಿಬಂದು ಮಣಿಕಟ್ಟು ಹಿಡಿದು ಎಳೆಯದಿದ್ದರೆ ಈ ಲೇಖನವನ್ನು ಒಂದೇ ಕೈಯಲ್ಲಿ ಟೈಪ್ ಮಾಡಬೇಕಿತ್ತು. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತೆ, ಮುಚ್ಚಳ ತೆಗೆದ ಕ್ಷಣ ಹಬೆಯಾಗಿ ಮುಖಕ್ಕೆ ಎರಚುತ್ತೆ. ಶಾಲೆಯಲ್ಲಿ ಓದಿದ್ದೆ, ಘಾಟಿಯಲ್ಲಿ ನೆನಪಾಗಲಿಲ್ಲ.

ಬೆಂಗಳೂರಿಗೆ ಬಂದವನು ಎಲ್ಲರೂ ಮಾಡುವುದನ್ನೇ ಮಾಡಿದೆ. ದೊಡ್ಡ ರೇಡಿಯೇಟರ್ ತಂದೆ. ಹಳೆಯದಕ್ಕಿಂತ ದಪ್ಪದ, ಪೂರ್ತಿ ಅಲ್ಯೂಮಿನಿಯಂನದು. ಒಳಗೆ ನೀರು ಜಾಸ್ತಿ ಹಿಡಿಯುತ್ತೆ, ಹಾಗಾಗಿ ಜಾಸ್ತಿ ತಂಪು ಅನ್ನುವುದು ನನ್ನ ಲೆಕ್ಕ. ಹೆದ್ದಾರಿಯಲ್ಲಿ ಪರವಾಗಿಲ್ಲ ಅನ್ನಿಸಿತು. ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಮಾತ್ರ ಮುಳ್ಳು ಮತ್ತೆ ಮೇಲಕ್ಕೆ.

ಕೊನೆಗೆ ಕಲಾಸಿಪಾಳ್ಯದ ಹತ್ತಿರದ ಒಂದು ಸಣ್ಣ ರೇಡಿಯೇಟರ್ ಅಂಗಡಿಯಲ್ಲಿ ಉತ್ತರ ಸಿಕ್ಕಿತು. ಅಲ್ಲಿನ ಹಿರಿಯ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ್ದು ಒಂದೇ ನಿಮಿಷ. ಹೊಸ ರೇಡಿಯೇಟರ್ ದಪ್ಪ ಆಗಿದ್ದಕ್ಕೆ ಜಾಗ ಸಾಲದೆ, ಕೂರಿಸಿದವರು ಫ್ಯಾನಿನ ಸುತ್ತ ಇರಬೇಕಾದ ಪ್ಲಾಸ್ಟಿಕ್ ಕವಚವನ್ನೇ ಬಿಟ್ಟಿದ್ದರು. ಹಾಗಾಗಿ ಫ್ಯಾನು ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಅಕ್ಕಪಕ್ಕದ ಬಿಸಿ ಗಾಳಿಯನ್ನೇ ಕಲಕುತ್ತಿತ್ತು. ಓಡುವಾಗ ಎದುರುಗಾಳಿ ತಾನಾಗಿ ನುಗ್ಗುತ್ತದೆ, ಆಗ ತೊಂದರೆ ಕಾಣಲ್ಲ. ನಿಂತಾಗ ಬೇಕಾದದ್ದು ಫ್ಯಾನು, ಅದು ಕೆಲಸ ಮಾಡಬೇಕಾದರೆ ಕವಚ. ಅವರು ನನಗೆ ಹೇಳಿಕೊಟ್ಟದ್ದು ಇಷ್ಟೆ: ನೀರು ಕೂಲಿಯಾಳು ಇದ್ದ ಹಾಗೆ, ಬಿಸಿಯನ್ನು ಹೊತ್ತು ತಂದು ಬಾಗಿಲಿಗೆ ಹಾಕುತ್ತೆ. ಆಚೆಗೆ ಒಯ್ಯೋದು ಗಾಳಿ. ಗಾಳಿಗೆ ದಾರಿ ಇಲ್ಲದಿದ್ದರೆ ನೀರು ಎಷ್ಟಿದ್ದರೂ ಅಷ್ಟೆ, ಕುದಿಯೋದು ಸ್ವಲ್ಪ ತಡ ಆಗುತ್ತೆ.

ಕವಚ ಕೂತಿತು. ಮುಳ್ಳು ಮಧ್ಯದಲ್ಲಿ ನಿಂತಿತು. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ಯಾಕೆಂದರೆ ನೂರಿಪ್ಪತ್ತೈದು ವರ್ಷಗಳ ಹಿಂದೆ ಜರ್ಮನಿಯಲ್ಲಿ ಒಬ್ಬ ಮನುಷ್ಯ ಇದೇ ಮಾತನ್ನು ಲೋಹದಲ್ಲಿ ಮಾಡಿ ತೋರಿಸಿದ್ದ. ಅವನ ಹೆಸರು ವಿಲ್ಹೆಲ್ಮ್ ಮೇಬ್ಯಾಕ್. ಇವತ್ತು ಆ ಹೆಸರು ಕೇಳಿದರೆ ನಮಗೆ ನೆನಪಾಗೋದು ಕೋಟಿಗಟ್ಟಲೆ ಬೆಲೆಯ ಕಾರು, ಅದರ ಹಿಂದಿನ ಸೀಟಿನಲ್ಲಿ ಕೂತು ಬರುವ ಸಿನಿಮಾ ನಟರು, ಉದ್ಯಮಿಗಳು. ಆ ಹೆಸರಿನ ನಿಜವಾದ ಮನುಷ್ಯ ಬೆಳೆದದ್ದು ಅನಾಥಾಶ್ರಮದಲ್ಲಿ.

ಪತ್ರಿಕೆಯಲ್ಲಿ ಜಾಹೀರಾತಾದ ಹುಡುಗ

ಮೇಬ್ಯಾಕ್ ಹುಟ್ಟಿದ್ದು 1846ರ ಫೆಬ್ರವರಿ 9ರಂದು, ಆಗಿನ ವುರ್ಟೆಂಬರ್ಗ್ ರಾಜ್ಯದ ಹೈಲ್‌ಬ್ರಾನ್ ಊರಿನಲ್ಲಿ. ಅಪ್ಪ ಬಡಗಿ. ಮನೆಯಲ್ಲಿ ಐದು ಗಂಡುಮಕ್ಕಳು. ಹುಡುಗನಿಗೆ ಎಂಟು ವರ್ಷವಾದಾಗ ತಾಯಿ ಹೋದಳು, ಹತ್ತಾದಾಗ ಅಪ್ಪನೂ ಹೋದ. ಐದು ಮಕ್ಕಳನ್ನು ಸಾಕುವ ಶಕ್ತಿ ಬಂಧುಗಳಿಗೆ ಇರಲಿಲ್ಲ. ಈ ಮಕ್ಕಳಿಗೆ ಯಾರಾದರೂ ಆಸರೆ ಕೊಡಿ ಎಂದು ಸ್ಟುಟ್‌ಗಾರ್ಟಿನ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟರು.

ಅದನ್ನು ನೋಡಿ ಬಾಗಿಲು ತೆರೆದದ್ದು ರಾಯ್ಟ್‌ಲಿಂಗನ್ ಊರಿನ ಬ್ರೂಡರ್‌ಹೌಸ್. ಗುಸ್ಟಾಫ್ ವೆರ್ನರ್ ಎಂಬ ಪಾದ್ರಿ ಕಟ್ಟಿದ ಸಂಸ್ಥೆ ಅದು. ಅದರ ವಿಶೇಷ ಏನೆಂದರೆ, ಅನಾಥ ಮಕ್ಕಳಿಗೆ ಊಟ, ಬಟ್ಟೆ, ಪ್ರಾರ್ಥನೆ ಕೊಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ಅಲ್ಲಿ ಸ್ವಂತ ಯಂತ್ರ ಕಾರ್ಖಾನೆ ಇತ್ತು. ಮಕ್ಕಳು ಕಸುಬು ಕಲಿಯಬೇಕು, ಕಲಿತ ಕಸುಬಿನಿಂದ ಸಂಸ್ಥೆಯೂ ನಡೆಯಬೇಕು ಅನ್ನೋದು ವೆರ್ನರ್ ನಂಬಿಕೆ. ಮೇಬ್ಯಾಕ್‌ಗೆ ಹದಿನೈದರ ಹೊತ್ತಿಗೆ ನಕ್ಷೆ ಬಿಡಿಸುವ ಕೆಲಸ ಸಿಕ್ಕಿತು. ಹಗಲು ಡ್ರಾಯಿಂಗ್ ಆಫೀಸು, ಸಂಜೆ ಊರಿನ ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ. ಆತ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಮುಂದೆ ಸಂಪಾದಿಸಿದ ಅಷ್ಟೂ ವಿದ್ಯೆಯ ಬುನಾದಿ ಆ ಸಂಜೆ ತರಗತಿಗಳೇ.

ಅಲ್ಲಿಗೆ 1863ರಲ್ಲಿ ಕಾರ್ಖಾನೆ ನೋಡಿಕೊಳ್ಳಲು ಬಂದ ಇಂಜಿನಿಯರ್ ಗಾಟ್ಲೀಬ್ ಡೈಮ್ಲರ್. ಹನ್ನೆರಡು ವರ್ಷ ದೊಡ್ಡವನು. ಬೇಕರಿಯವನ ಮಗ, ಬಂದೂಕು ತಯಾರಿಸುವ ಕಸುಬು ಕಲಿತು, ಆಮೇಲೆ ಇಂಜಿನಿಯರಿಂಗ್ ಓದಿದವನು. ನಕ್ಷೆ ಮೇಜಿನ ಮುಂದೆ ಕೂತಿದ್ದ ಮೌನಿ ಹುಡುಗನ ಕೈಯನ್ನು ಡೈಮ್ಲರ್ ಗುರುತಿಸಿದ. ಆಮೇಲೆ ಡೈಮ್ಲರ್ ಎಲ್ಲಿಗೆ ಹೋದರೂ ಮೇಬ್ಯಾಕ್ ಅಲ್ಲಿಗೆ. 1869ರಲ್ಲಿ ಕಾರ್ಲ್ಸ್‌ರೂಹೆ. ಆಮೇಲೆ ಕೊಲೋನ್ ಪಕ್ಕದ ಡಾಯ್ಟ್ಸ್ ಗ್ಯಾಸ್ ಇಂಜಿನ್ ಕಾರ್ಖಾನೆ. ಅಲ್ಲಿ ನಿಕೋಲಸ್ ಆಟೋ 1876ರಲ್ಲಿ ನಾಲ್ಕು ಹೊಡೆತದ ಇಂಜಿನ್ ಮಾಡಿದಾಗ, ಅದನ್ನು ಕಾರ್ಖಾನೆಯಲ್ಲಿ ನೂರಾರು ಸಂಖ್ಯೆಯಲ್ಲಿ ತಯಾರಿಸುವ ಹಾಗೆ ತಿದ್ದಿ ಕೊಟ್ಟವನು ಮುಖ್ಯ ವಿನ್ಯಾಸಕ ಮೇಬ್ಯಾಕ್. ಇಂಜಿನ್‌ಗೆ ಆಟೋ ಹೆಸರು ಬಂತು. ಬರಬೇಕಾದದ್ದೇ. ಆದರೆ ಇಲ್ಲಿಂದಲೇ ಒಂದು ಪರಿಪಾಠ ಶುರುವಾಯಿತು. ಹೆಸರು ಬೇರೆಯವರದು, ನಕ್ಷೆ ಈತನದು.

ತೋಟದ ಮನೆಯಲ್ಲಿ ಖೋಟಾ ನೋಟು?

ಡಾಯ್ಟ್ಸ್‌ನಲ್ಲಿ ಮನಸ್ತಾಪವಾಗಿ ಡೈಮ್ಲರ್ ಹೊರಬಿದ್ದ. 1882ರಲ್ಲಿ ಇಬ್ಬರೂ ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ಗೆ ಬಂದರು. ಡೈಮ್ಲರ್ ಮನೆಯ ತೋಟದಲ್ಲಿ ಗಾಜಿನ ಗೋಡೆಯ ಪುಟ್ಟ ಕಟ್ಟಡವೊಂದಿತ್ತು. ಅದನ್ನೇ ಹಿಗ್ಗಿಸಿ ಕಾರ್ಯಾಗಾರ ಮಾಡಿಕೊಂಡರು. ಹಗಲು ರಾತ್ರಿ ಬಾಗಿಲು ಹಾಕಿಕೊಂಡು ಲೋಹ ಬಡಿಯುವ ಸದ್ದು ಕೇಳಿ ತೋಟದ ಮಾಲಿಗೆ ಅನುಮಾನ ಬಂತು. ಇವರು ಖೋಟಾ ನಾಣ್ಯ ಟಂಕಿಸುತ್ತಿದ್ದಾರೆ ಅಂತ ಪೊಲೀಸರಿಗೆ ದೂರು ಕೊಟ್ಟ. ಪೊಲೀಸರು ಇಬ್ಬರೂ ಇಲ್ಲದ ಹೊತ್ತಲ್ಲಿ ಒಳಹೊಕ್ಕರು. ಸಿಕ್ಕಿದ್ದು ಇಂಜಿನ್‌ಗಳು ಮಾತ್ರ.

ಆ ಇಂಜಿನ್‌ಗಳ ಹೊಸತನ ಇದ್ದದ್ದು ವೇಗದಲ್ಲಿ. ಆಗಿನ ದೊಡ್ಡ ಗ್ಯಾಸ್ ಇಂಜಿನ್‌ಗಳು ನಿಮಿಷಕ್ಕೆ ನೂರಿನ್ನೂರು ಸುತ್ತು ತಿರುಗಿದರೆ ಹೆಚ್ಚು. ಇವರದು 600ಕ್ಕೆ ಹೋಯಿತು. ವೇಗ ಹೆಚ್ಚಾದರೆ ಸಣ್ಣ ಇಂಜಿನ್ ಸಾಕು, ಸಣ್ಣದಾದರೆ ಗಾಡಿಯ ಮೇಲೆ ಕೂರಿಸಬಹುದು. 1885ರಲ್ಲಿ ಅದನ್ನು ಎರಡು ಚಕ್ರದ ಮರದ ಗಾಡಿಗೆ ಕೂರಿಸಿದರು. ಮುಂದಿನ ವರ್ಷ ಕುದುರೆ ಗಾಡಿಗೆ. ಹಾಗೆಯೇ ದೋಣಿಗೆ, ಟ್ರಾಮಿಗೆ.

ಆದರೆ ವೇಗದ ಹಿಂದೆ ಬಿಸಿ ಬಂತು. ಇಲ್ಲಿ ಒಂದು ಲೆಕ್ಕ ತಿಳಿದಿರೋದು ಒಳ್ಳೆಯದು. ಇವತ್ತಿನ ಪೆಟ್ರೋಲ್ ಕಾರಿನಲ್ಲೂ ನಾವು ಹಾಕಿಸಿದ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗೋದು ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಇನ್ನೊಂದು ಪಾಲು ಸೈಲೆನ್ಸರಿನ ಹೊಗೆಯಲ್ಲಿ ಹೋಗುತ್ತದೆ. ಮತ್ತೊಂದು ಪಾಲು ಇಂಜಿನಿನ ಗೋಡೆಗೆ ಬಿಸಿಯಾಗಿ ಸೇರುತ್ತದೆ. ಅದನ್ನು ಆಚೆ ಹಾಕದಿದ್ದರೆ ಎಣ್ಣೆ ತೆಳುವಾಗುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅಂದರೆ ಎಷ್ಟು ಅಶ್ವಶಕ್ತಿ ಪಡೆಯುತ್ತೀರೋ ಸುಮಾರು ಅಷ್ಟೇ ಬಿಸಿಯನ್ನು ತಣ್ಣಗಾಗಿಸುವ ಜವಾಬ್ದಾರಿಯೂ ನಿಮ್ಮದೇ.

ಮೊದಲ ಕಾರುಗಳು ಇದನ್ನು ತೀರಾ ಸರಳವಾಗಿ ಮಾಡುತ್ತಿದ್ದವು. ಕಾರ್ಲ್ ಬೆಂಝ್‌ನ 1886ರ ಗಾಡಿಯಲ್ಲಿ ನೀರನ್ನು ಕುದಿಸಿ ಹಬೆಯಾಗಿ ಬಿಡುವುದೇ ವಿಧಾನ. ನೀರು ಹಬೆಯಾಗುವಾಗ ತುಂಬಾ ಬಿಸಿ ಹೀರಿಕೊಳ್ಳುತ್ತದೆ ನಿಜ, ಆದರೆ ದಾರಿಯುದ್ದಕ್ಕೂ ನೀರು ತುಂಬುತ್ತಲೇ ಇರಬೇಕು. 1888ರಲ್ಲಿ ಬೆಂಝ್‌ನ ಹೆಂಡತಿ ಬರ್ತಾ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಓಡಿಸಿದಾಗ, ದಾರಿಯಲ್ಲಿ ಸಿಕ್ಕಲ್ಲೆಲ್ಲ ನೀರು ತುಂಬಿಸಿಕೊಂಡೇ ಹೋಗಬೇಕಾಯಿತು.

ಮೇಬ್ಯಾಕ್ 1889ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಮಾಡಿದ ಉಕ್ಕಿನ ಚಕ್ರದ ಗಾಡಿಯಲ್ಲಿ ಬೇರೆ ದಾರಿ ಹಿಡಿದ. ಗಾಡಿಯ ಚೌಕಟ್ಟನ್ನೇ ಟೊಳ್ಳು ಕೊಳವೆಗಳಿಂದ ಮಾಡಿ, ಇಂಜಿನಿನ ನೀರನ್ನು ಆ ಕೊಳವೆಗಳಲ್ಲಿ ಸುತ್ತಾಡಿಸಿದ. ಬೀಸುವ ಗಾಳಿ ಚೌಕಟ್ಟಿಗೆ ತಾಗಿ ನೀರು ತಣ್ಣಗಾಗುತ್ತಿತ್ತು. ನೀರನ್ನು ಬಿಸಾಡುವ ಬದಲು ತಿರುಗಿಸಿ ಬಳಸುವ ಈ ಬುದ್ಧಿ ಜಾಣತನದ್ದೇ. ಆದರೆ ಒಂದೂವರೆ ಅಶ್ವಶಕ್ತಿಯ ಆಸುಪಾಸಿನ ಇಂಜಿನಿಗೆ ಸಾಕಾದದ್ದು ಹತ್ತು, ಇಪ್ಪತ್ತು ಅಶ್ವಶಕ್ತಿಗೆ ಎಲ್ಲಿ ಸಾಲುತ್ತದೆ?

ಮುಚ್ಚಿದ ಹೋಟೆಲಿನ ಸಭಾಂಗಣ

1890ರ ನವೆಂಬರಿನಲ್ಲಿ ಡೈಮ್ಲರ್ ಕಂಪನಿ ಹುಟ್ಟಿತು. ಬಂಡವಾಳ ಹಾಕಿದವರ ಕೈ ಮೇಲಾಯಿತು. ಮೇಬ್ಯಾಕ್‌ಗೆ ಅವರು ಕೊಟ್ಟ ಕರಾರು ಒಪ್ಪುವಂತಿರಲಿಲ್ಲ. ಕೆಲವೇ ತಿಂಗಳಲ್ಲಿ, 1891ರ ಫೆಬ್ರವರಿಯಲ್ಲಿ, ಆತ ಹೊರನಡೆದ. ಯಾವ ಕಂಪನಿಯ ಇಂಜಿನ್‌ಗಳಿಗೆ ತಾನೇ ನಕ್ಷೆ ಹಾಕಿದ್ದನೋ ಆ ಕಂಪನಿಯಲ್ಲಿ ತನಗೆ ಜಾಗವಿಲ್ಲ. ವಯಸ್ಸು ನಲವತ್ತೈದು, ಮನೆಯಲ್ಲಿ ಹೆಂಡತಿ ಬರ್ತಾ ಮತ್ತು ಮಕ್ಕಳು.

ಮೊದಲು ಮನೆಯಲ್ಲೇ ಮೇಜು ಹಾಕಿ ಕೂತ. ಆಮೇಲೆ ಕಾನ್‌ಸ್ಟಾಟ್‌ನಲ್ಲಿ ಮುಚ್ಚಿಹೋಗಿದ್ದ ಹೋಟೆಲ್ ಹೆರ್ಮಾನ್‌ನ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ಕೆಲವು ಕೆಲಸಗಾರರ ಜೊತೆ ಪ್ರಯೋಗ ಮುಂದುವರಿಸಿದ. ಖರ್ಚು ನೋಡಿಕೊಂಡವನು ಹಳೆಯ ಗೆಳೆಯ ಡೈಮ್ಲರ್. ಪೆಟ್ರೋಲನ್ನು ಸಣ್ಣ ತೂತಿನಿಂದ ಸಿಂಪಡಿಸಿ ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರ್ 1893ರಲ್ಲಿ ಬಂದದ್ದು ಈ ಹೊರಗಿನ ದಿನಗಳಲ್ಲೇ. ಮುಂದೆ ಬಹುಪಾಲು ಒಂದು ಶತಮಾನ ನಮ್ಮ ಸ್ಕೂಟರ್, ಬೈಕು, ಅಂಬಾಸಿಡರ್‌ಗಳಲ್ಲೆಲ್ಲ ಇದ್ದದ್ದು ಇದೇ ತತ್ವದ ಕಾರ್ಬುರೇಟರ್.

ಇತ್ತ ಕಂಪನಿ ಸೊರಗುತ್ತಾ ಬಂತು. ಡೈಮ್ಲರ್ ಇಂಜಿನಿನ ಹಕ್ಕು ಖರೀದಿಸಲು ಬಂದ ಬ್ರಿಟನ್ನಿನ ಉದ್ಯಮಿ ಫ್ರೆಡರಿಕ್ ಸಿಮ್ಸ್, ಡೈಮ್ಲರ್ ವಾಪಸ್ ಬಂದರೆ ಮಾತ್ರ ಮೂರೂವರೆ ಲಕ್ಷ ಮಾರ್ಕ್ ಕೊಡುವುದಾಗಿ ಪಟ್ಟು ಹಿಡಿದ. 1895ರಲ್ಲಿ ಡೈಮ್ಲರ್ ಮರಳಿದ, ಜೊತೆಗೆ ಮುಖ್ಯ ಇಂಜಿನಿಯರ್ ಆಗಿ ಮೇಬ್ಯಾಕ್ ಕೂಡ. ಎರಡು ವರ್ಷದಲ್ಲಿ, 1897ರಲ್ಲಿ, ಮೇಬ್ಯಾಕ್ ಕೊಳವೆ ರೇಡಿಯೇಟರ್ ತಂದ. ನೀರಿನ ತೊಟ್ಟಿಯ ಒಳಗೆ ಅಡ್ಡಡ್ಡಲಾಗಿ ಅನೇಕ ಸಣ್ಣ ಕೊಳವೆಗಳು, ಕೊಳವೆಯೊಳಗೆ ಗಾಳಿ, ಸುತ್ತ ನೀರು. ನಾವು ಇವತ್ತು ರೇಡಿಯೇಟರ್ ಅನ್ನೋದರ ಅಜ್ಜ ಇದು. ಇಂಜಿನ್ ದೊಡ್ಡದಾಗಲು ದಾರಿ ಸಿಕ್ಕಿತು. ಇನ್ನೂ ತೂಕ ಜಾಸ್ತಿ, 18 ಲೀಟರ್ ನೀರು ಹೊರಬೇಕಿತ್ತು.

ಒಂದು ಸಾವು, ಒಂದು ಬೇಡಿಕೆ

1900ರ ಮಾರ್ಚ್ ತಿಂಗಳು ಮೇಬ್ಯಾಕ್ ಬದುಕಿನಲ್ಲಿ ಕಷ್ಟದ ತಿಂಗಳು. 6ನೇ ತಾರೀಖು ಡೈಮ್ಲರ್ ತೀರಿಕೊಂಡ. ಮೂವತ್ತೈದು ವರ್ಷಗಳ ಜೊತೆ ಮುಗಿಯಿತು. ಅದೇ ತಿಂಗಳ ಕೊನೆಗೆ ಫ್ರಾನ್ಸಿನ ನೀಸ್ ನಗರದ ಬಳಿ, ಲಾ ಟುರ್ಬಿ ಬೆಟ್ಟ ಹತ್ತುವ ರೇಸಿನಲ್ಲಿ ಡೈಮ್ಲರ್ ಕಾರೊಂದು ತಿರುವಿನಲ್ಲಿ ಬಂಡೆಗೆ ಬಡಿಯಿತು. ಚಾಲಕ ವಿಲ್ಹೆಲ್ಮ್ ಬಾವರ್ ಬಲಿಯಾದ. ಎತ್ತರದ, ಗಿಡ್ಡ ಉದ್ದದ, ಮುಂಭಾರದ ಕಾರು ಅದು. ಇಂಜಿನ್ ಶಕ್ತಿ ಬೆಳೆದಿತ್ತು, ಗಾಡಿಯ ದೇಹ ಇನ್ನೂ ಕುದುರೆ ಗಾಡಿಯದ್ದೇ ಆಗಿತ್ತು.

ಕಂಪನಿ ರೇಸಿನ ಸಹವಾಸವೇ ಬೇಡ ಅನ್ನುವ ಮನಸ್ಸಿನಲ್ಲಿತ್ತು. ಆಗ ನೀಸ್‌ನಲ್ಲಿದ್ದ ವ್ಯಾಪಾರಿ ಎಮಿಲ್ ಯೆಲ್ಲಿನೆಕ್ ಉಲ್ಟಾ ವಾದ ಹೂಡಿದ. ಶ್ರೀಮಂತರಿಗೆ ಡೈಮ್ಲರ್ ಕಾರು ಮಾರುತ್ತಿದ್ದವನು, ರೇಸಿನಲ್ಲಿ ತನ್ನ ಮಗಳ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಳ್ಳುತ್ತಿದ್ದವನು. ಸಾವಿಗೆ ಕಾರಣ ವೇಗವಲ್ಲ, ಕಾರಿನ ಆಕಾರ ಅನ್ನುವುದು ಅವನ ವಾದ. ಉದ್ದ ಮತ್ತು ಅಗಲ ಹೆಚ್ಚಿರಲಿ, ಭಾರ ಕೆಳಗಿರಲಿ, ಒಟ್ಟು ತೂಕ ಇಳಿಯಲಿ, ಶಕ್ತಿ ಏರಲಿ. ಹಾಗೆ ಮಾಡಿದರೆ 36 ಕಾರು ಕೊಳ್ಳುತ್ತೇನೆ, ಐದೂವರೆ ಲಕ್ಷ ಮಾರ್ಕ್ ಕೊಡುತ್ತೇನೆ ಎಂದು ಏಪ್ರಿಲ್ ಆರಂಭದಲ್ಲೇ ಒಪ್ಪಂದ ಮಾಡಿಕೊಂಡ. ಷರತ್ತು ಒಂದು: ಕಾರಿಗೆ ತನ್ನ ಹತ್ತು ವರ್ಷದ ಮಗಳ ಹೆಸರಿಡಬೇಕು. ಆ ಮಗುವಿನ ಹೆಸರು ಮರ್ಸಿಡಿಸ್.

ಬೇಡಿಕೆ ಇಟ್ಟವನು ಯೆಲ್ಲಿನೆಕ್. ಮಾಡಿ ತೋರಿಸಬೇಕಾದವನು ಮೇಬ್ಯಾಕ್. ಒಂಬತ್ತು ತಿಂಗಳೊಳಗೆ, 1900ರ ಡಿಸೆಂಬರ್ 22ರಂದು ಮೊದಲ ಕಾರು ರೈಲಿನಲ್ಲಿ ನೀಸ್‌ಗೆ ಹೊರಟಿತು. ನಾಲ್ಕು ಸಿಲಿಂಡರ್, 5.9 ಲೀಟರ್, 35 ಅಶ್ವಶಕ್ತಿ. ಇಂಜಿನಿನ ಕೆಳಗಿನ ಪೆಟ್ಟಿಗೆ ಅಲ್ಯೂಮಿನಿಯಂ. ಚೌಕಟ್ಟು ಒತ್ತಿ ಬಗ್ಗಿಸಿದ ಉಕ್ಕಿನದು. ಕಾರಿನ ಮೂತಿಯಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ, ಹೊಸ ರೇಡಿಯೇಟರ್.

8,070 ತೂತುಗಳು

ಅದಕ್ಕೆ ಜೇನುಗೂಡು ರೇಡಿಯೇಟರ್ ಅಂತ ಹೆಸರು ಬಂತು. 6 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲದ ಚೌಕ ಕೊಳವೆಗಳು, ಒಟ್ಟು 8,070. ಒಂದರ ಪಕ್ಕ ಒಂದು ಜೋಡಿಸಿ ಬೆಸುಗೆ ಹಾಕಿದ್ದು. ಕೊಳವೆಗಳ ಒಳಗೆ ಗಾಳಿ, ನಡುವಿನ ತೆಳು ಸಂದಿಯಲ್ಲಿ ನೀರು. ಹಿಂದೆ ಒಂದು ಫ್ಯಾನು, ನಿಧಾನವಾಗಿ ಹೋಗುವಾಗಲೂ ಗಾಳಿ ಎಳೆಯಲು.

ದುಂಡು ಕೊಳವೆ ಬಿಟ್ಟು ಚೌಕ ಯಾಕೆ? ದುಂಡು ಬಳೆಗಳನ್ನು ಒಂದಕ್ಕೊಂದು ಒತ್ತಿ ಇಟ್ಟು ನೋಡಿ. ನಡುವೆ ಮೂಲೆಮೂಲೆಯ ಖಾಲಿ ಜಾಗ ಉಳಿಯುತ್ತದೆ. ಅಲ್ಲೆಲ್ಲ ನೀರು ತುಂಬಿಕೊಳ್ಳುತ್ತದೆ, ಆದರೆ ಗೋಡೆಯಿಂದ ದೂರವಿರುವ ನೀರು ಸುಮ್ಮನೆ ಭಾರ. ಚೌಕಗಳನ್ನು ಇಟ್ಟರೆ ಎಲ್ಲ ಕಡೆ ಒಂದೇ ಸಮನಾದ ತೆಳು ಸಂದಿ. ನೀರು ಕಡಿಮೆ ಸಾಕು, ಇರುವ ನೀರೆಲ್ಲ ಗೋಡೆಗೆ ತಾಗಿಕೊಂಡೇ ಹರಿಯುತ್ತದೆ.

ನಾನೇ ಒಂದು ಲೆಕ್ಕ ಹಾಕಿ ನೋಡಿದೆ. 8,070 ಕೊಳವೆಗಳ ಬಾಯಿಗಳನ್ನು ಸೇರಿಸಿದರೆ ಸುಮಾರು 0.29 ಚದರ ಮೀಟರ್. ಅಷ್ಟೇ ಜಾಗಕ್ಕೆ ಒಂದೇ ದೊಡ್ಡ ಚೌಕ ತೂತು ಮಾಡಿದ್ದರೆ ಅದರ ನಾಲ್ಕು ಅಂಚುಗಳ ಉದ್ದ ಎರಡು ಮೀಟರ್ ಚಿಲ್ಲರೆ. ಸಣ್ಣ ತೂತುಗಳ ಅಂಚುಗಳನ್ನೆಲ್ಲ ಕೂಡಿಸಿದರೆ ಸುಮಾರು 194 ಮೀಟರ್. ತೊಂಬತ್ತು ಪಟ್ಟು. ಗಾಳಿ ಬರುವ ದಾರಿ ಅಷ್ಟೇ, ಗಾಳಿಗೆ ತಾಗುವ ಲೋಹ ಮಾತ್ರ ತೊಂಬತ್ತು ಪಟ್ಟು ಹೆಚ್ಚು. ಕಾರಿಗೆ ಬೇಕಾದ ನೀರು 18 ಲೀಟರಿನಿಂದ 9 ಲೀಟರಿಗೆ ಇಳಿಯಿತು. ಶಕ್ತಿ ಏರಿತು, ನೀರು ಅರ್ಧ ಆಯಿತು. ನಾನು ಅಂಗಡಿಯಿಂದ ದಪ್ಪ ರೇಡಿಯೇಟರ್ ಹೊತ್ತು ತಂದಾಗ ಮಾಡಿದ್ದು ಇದಕ್ಕೆ ಸರಿಯಾಗಿ ವಿರುದ್ಧವಾದ ಲೆಕ್ಕ.

1901ರ ಮಾರ್ಚಿನಲ್ಲಿ ನೀಸ್ ರೇಸಿನ ವಾರ ಬಂತು. ಹಿಂದಿನ ವರ್ಷ ಬಾವರ್ ಸತ್ತ ಅದೇ ಲಾ ಟುರ್ಬಿ ಬೆಟ್ಟ. ಅಲ್ಲಿನ ಹಳೆಯ ದಾಖಲೆ ಗಂಟೆಗೆ ಸರಾಸರಿ 31.3 ಕಿಲೋಮೀಟರ್. ಹೊಸ ಮರ್ಸಿಡಿಸ್ ಅದನ್ನು 51.4ಕ್ಕೆ ಏರಿಸಿತು. ಬೆಟ್ಟ ಹತ್ತುವುದು ರೇಡಿಯೇಟರಿಗೆ ಎಂಥಾ ಪರೀಕ್ಷೆ ಅಂತ ಶಿರಾಡಿಯಲ್ಲಿ ನಿಂತವನಿಗೆ ಚೆನ್ನಾಗಿ ಗೊತ್ತು. ಪೂರ್ತಿ ಶಕ್ತಿ ಬೇಕು, ಎದುರುಗಾಳಿ ಮಾತ್ರ ಕಡಿಮೆ.

ಆ ವಾರದ ಮೇಲೆ ಕುದುರೆಯಿಲ್ಲದ ಕುದುರೆ ಗಾಡಿಯ ಕಾಲ ಮುಗಿಯಿತು. ಮುಂದೆ ರೇಡಿಯೇಟರ್, ಅದರ ಹಿಂದೆ ಇಂಜಿನ್, ನೆಲಕ್ಕೆ ಹತ್ತಿರದ ಉದ್ದ ದೇಹ: ನಾವು ಕಾರು ಅಂತ ಗುರುತಿಸುವ ಆಕಾರ ಗಟ್ಟಿಯಾದದ್ದು ಇಲ್ಲಿ. ಸ್ಪೋರ್ಟ್ಸ್ ಕಾರುಗಳ ವಂಶವೃಕ್ಷ ಬರೆಯುವವರು ಬೇರಿನ ಜಾಗದಲ್ಲಿ ಬರೆಯೋದೂ ಈ ಕಾರನ್ನೇ. ಫ್ರಾನ್ಸಿನಲ್ಲಿ ಮೇಬ್ಯಾಕ್‌ಗೆ ವಿನ್ಯಾಸಕರ ರಾಜ ಎಂಬ ಬಿರುದು ಸಿಕ್ಕಿತು. 1902ರಲ್ಲಿ ಮರ್ಸಿಡಿಸ್ ಹೆಸರು ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಯಿತು. ಕಂಪನಿಯ ಮೇಲೆ ಡೈಮ್ಲರ್ ಹೆಸರು, ಕಾರಿನ ಮೇಲೆ ಗಿರಾಕಿಯ ಮಗಳ ಹೆಸರು. ನಕ್ಷೆ ಹಾಕಿದವನ ಹೆಸರು ಎಲ್ಲೂ ಇಲ್ಲ.

ಮತ್ತೆ ಹೊರಗೆ

ಇಷ್ಟೆಲ್ಲ ಕೊಟ್ಟವನನ್ನು ಕಂಪನಿ ಹೊತ್ತು ಮೆರೆಸಿತು ಅಂದುಕೊಂಡರೆ ತಪ್ಪು. ಡೈಮ್ಲರ್ ಇರಲಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷ ಡುಟೆನ್‌ಹೋಫರ್ 1903ರಲ್ಲಿ ತೀರಿಕೊಂಡ ಮೇಲೆ ಮೇಬ್ಯಾಕ್‌ನನ್ನು ಮೆಲ್ಲಗೆ ಬದಿಗೆ ಸರಿಸಲಾಯಿತು. ಹೊಸ ಕಾರುಗಳ ವಿನ್ಯಾಸ ಬೇರೆಯವರ ಕೈಗೆ ಹೋಯಿತು. 1907ರಲ್ಲಿ, ಅರವತ್ತೊಂದನೇ ವಯಸ್ಸಿಗೆ, ಎರಡನೇ ಸಲ ಅದೇ ಬಾಗಿಲಿನಿಂದ ಹೊರಬಂದ.

ಮರುವರ್ಷ ಆಗಸ್ಟಿನಲ್ಲಿ ಕೌಂಟ್ ಜೆಪ್ಪೆಲಿನ್‌ನ ದೈತ್ಯ ವಾಯುನೌಕೆ ಸ್ಟುಟ್‌ಗಾರ್ಟ್ ಹತ್ತಿರದ ಎಕ್ಟರ್‌ಡಿಂಗನ್‌ನಲ್ಲಿ ಇಂಜಿನ್ ತೊಂದರೆಯಿಂದ ಇಳಿದಿದ್ದಾಗ, ಗಾಳಿಗೆ ಸಿಕ್ಕಿ ಸುಟ್ಟುಹೋಯಿತು. ಮೇಬ್ಯಾಕ್ ಜೆಪ್ಪೆಲಿನ್‌ಗೆ ಪತ್ರ ಬರೆದು, ಹೆಚ್ಚು ನಂಬಿಕಸ್ಥ ಇಂಜಿನ್ ಮಾಡಿಕೊಡುವ ಪ್ರಸ್ತಾಪ ಇಟ್ಟ. 1909ರಲ್ಲಿ ಬಿಸ್ಸಿಂಗನ್‌ನಲ್ಲಿ ಕಂಪನಿ ಶುರುವಾಯಿತು, ತಾಂತ್ರಿಕ ಮುಖ್ಯಸ್ಥ ಮಗ ಕಾರ್ಲ್ ಮೇಬ್ಯಾಕ್. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ವಾಯುನೌಕೆಗಳು ಹಾರಿದ್ದು ಈ ಇಂಜಿನ್‌ಗಳ ಮೇಲೆ. ನಗರಗಳ ಮೇಲೆ ಬಾಂಬ್ ಹಾಕಿ ಬಂದದ್ದೂ ಅವೇ. ಈ ಮಾತನ್ನು ಬಿಟ್ಟು ಮೇಬ್ಯಾಕ್ ಕಥೆ ಹೇಳಿದರೆ ಅದು ಬರೀ ಹೊಗಳಿಕೆ ಆಗುತ್ತದೆ. ಯುದ್ಧ ಸೋತ ಜರ್ಮನಿಗೆ ವಿಮಾನದ ಇಂಜಿನ್ ಮಾಡಲು ಅವಕಾಶ ಹೋಯಿತು. ಆಗ ಮಗ ಕಾರು ಕಟ್ಟಲು ಹೊರಟ. 1921ರಲ್ಲಿ ಮೊದಲ ಮೇಬ್ಯಾಕ್ ಕಾರು ಬರ್ಲಿನ್ ಪ್ರದರ್ಶನದಲ್ಲಿ ನಿಂತಿತು. ಅಪ್ಪನಿಗೆ ಆಗ ಎಪ್ಪತ್ತೈದು. ಕೊನೆಗೂ ಒಂದು ಕಾರಿನ ಮೇಲೆ ಆ ಹೆಸರು ಬಂತು, ಅದೂ ಮಗನ ಕೈಯಿಂದ.

1916ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು, ಸಂಜೆ ಶಾಲೆಯ ಹುಡುಗನಿಗೆ. 1929ರ ಡಿಸೆಂಬರ್ 29ರಂದು, ಎಂಬತ್ತಮೂರನೇ ವಯಸ್ಸಿನಲ್ಲಿ ಮೇಬ್ಯಾಕ್ ತೀರಿಕೊಂಡ. ಸಮಾಧಿ ಕಾನ್‌ಸ್ಟಾಟ್‌ನ ಉಫ್ ಸ್ಮಶಾನದಲ್ಲಿ, ಡೈಮ್ಲರ್ ಮಲಗಿರುವ ಅದೇ ಸ್ಮಶಾನದಲ್ಲಿ.

ಕಲಿಸಿದವರ ಪಾಲು

ಮೇಬ್ಯಾಕ್ ಕಥೆಯನ್ನು ಬಡ ಹುಡುಗ ಸ್ವಂತ ಪರಿಶ್ರಮದಿಂದ ಮೇಲೆ ಬಂದ ಅಂತ ಹೇಳಿ ಮುಗಿಸೋದು ಸುಲಭ. ನಮ್ಮ ಸ್ಫೂರ್ತಿ ಭಾಷಣಗಳಿಗೆ ಇಂಥವು ಬೇಕು. ಆದರೆ ನನಗೆ ಹಾಗೆ ಕಾಣಿಸಲ್ಲ. ಪತ್ರಿಕೆಯ ಜಾಹೀರಾತಿಗೆ ಓಗೊಟ್ಟ ಒಂದು ಸಂಸ್ಥೆ ಇತ್ತು. ಅಲ್ಲಿ ನಿಜವಾದ ಯಂತ್ರಗಳಿದ್ದವು. ಕೆಲಸ ಮಾಡುವ ಹುಡುಗನಿಗೂ ಸಂಜೆ ಗಣಿತ ಬೇಕು ಅಂತ ಅಂದುಕೊಂಡವರಿದ್ದರು. ಇವು ಇಲ್ಲದಿದ್ದರೆ ಅದೇ ಪ್ರತಿಭೆ ಹೈಲ್‌ಬ್ರಾನ್‌ನ ಯಾವುದೋ ಬೀದಿಯಲ್ಲಿ ಕೂಲಿ ಮಾಡಿ ಸವೆದುಹೋಗುತ್ತಿತ್ತು. ಹಾಗೆಯೇ 8,070 ಕೊಳವೆಗಳನ್ನು ಜೋಡಿಸಿ ಬೆಸುಗೆ ಹಾಕಿದ ಕಾರ್ಮಿಕರನ್ನೂ ಮರೆಯಬಾರದು. ಮೇಬ್ಯಾಕ್ ಹೆಸರಾದರೂ ಕೊನೆಗೆ ಕಾರಿನ ಮೇಲೆ ಬಂತು, ಅವರದು ಬರಲೇ ಇಲ್ಲ.

ಕಲಾಸಿಪಾಳ್ಯದ ಆ ಅಂಗಡಿಯಲ್ಲಿ ಹಿರಿಯ ಮೆಕ್ಯಾನಿಕ್ ಜೊತೆ ಒಬ್ಬ ಹುಡುಗನಿದ್ದ. ಐಟಿಐ ಮುಗಿಸಿದ್ದಾನೆ. ನನ್ನ ಹಳೆಯ ರೇಡಿಯೇಟರಿನ ಮಡಿಸಿಹೋದ ರೆಕ್ಕೆಗಳನ್ನು ಸಣ್ಣ ಬಾಚಣಿಗೆಯಂಥ ಸಾಧನದಲ್ಲಿ ಒಂದೊಂದಾಗಿ ನೆಟ್ಟಗೆ ಮಾಡುತ್ತಾ ಕೂತಿದ್ದ. ಮಾತಿಗೆ ಸಿಕ್ಕಾಗ ಗೊತ್ತಾಯಿತು, ಡಿಪ್ಲೊಮಾ ಮಾಡುವ ಆಸೆ ಅವನಿಗೆ. ಕಾಲೇಜು ಹಗಲು, ಕೆಲಸವೂ ಹಗಲು. ಕೆಲಸ ಬಿಟ್ಟರೆ ಮನೆ ನಡೆಯಲ್ಲ. ಅಂಗಡಿ ಮುಚ್ಚೋದು ರಾತ್ರಿ ಎಂಟಕ್ಕೆ. ನಾವು ಕೌಶಲ್ಯದ ಹೆಸರಿನಲ್ಲಿ ಯೋಜನೆಗಳ ಮೇಲೆ ಯೋಜನೆ ಪ್ರಕಟಿಸುತ್ತೇವೆ, ಪ್ರಮಾಣಪತ್ರ ಹಂಚುತ್ತೇವೆ. ದುಡಿಯುವ ಹುಡುಗನೊಬ್ಬ ದುಡಿಮೆ ಬಿಡದೆ ಮುಂದೆ ಓದಲು ದಾರಿ ಎಲ್ಲಿದೆ ಅಂತ ಕೇಳಿದರೆ ಉತ್ತರ ಕಷ್ಟ. 1860ರ ದಶಕದ ರಾಯ್ಟ್‌ಲಿಂಗನ್‌ನಲ್ಲಿ ಒಂದು ಅನಾಥಾಶ್ರಮ ಅದಕ್ಕೆ ಉತ್ತರ ಹುಡುಕಿತ್ತು.

ಎಲೆಕ್ಟ್ರಿಕ್ ಕಾರು ಬಂದ ಮೇಲೆ ರೇಡಿಯೇಟರ್ ಯಾಕೆ ಅಂತ ಕೇಳುವವರಿದ್ದಾರೆ. ಬ್ಯಾಟರಿಯೂ ಬಿಸಿಯಾಗುತ್ತೆ, ಅದನ್ನು ವೇಗವಾಗಿ ಚಾರ್ಜ್ ಮಾಡುವಾಗ ಇನ್ನೂ ಬಿಸಿಯಾಗುತ್ತೆ. ಅನೇಕ ಎಲೆಕ್ಟ್ರಿಕ್ ಕಾರುಗಳ ಮೂತಿಯೊಳಗೆ ಈಗಲೂ ಒಂದು ರೇಡಿಯೇಟರ್, ಹಿಂದೆ ಒಂದು ಫ್ಯಾನು ಕೂತಿರುತ್ತದೆ. ಆ ಹುಡುಗನಿಗೆ ಕೆಲಸ ಇರುತ್ತದೆ. ಅದರ ಲೆಕ್ಕ ಕಲಿಯುವ ಅವಕಾಶ ಇರುತ್ತದಾ ಅನ್ನೋದು ನನ್ನ ಪ್ರಶ್ನೆ.

ಕಾರು ತರಲು ಹೋದ ದಿನ ಅವನಿಗೆ ಜೇನುಗೂಡು ರೇಡಿಯೇಟರಿನ ಕಥೆ ಹೇಳಿದೆ. ಚೌಕ ಕೊಳವೆ ಯಾಕೆ ಅಂತ ನಾನು ವಿವರಿಸುವ ಮೊದಲೇ ಅವನು ನೆಲದ ಧೂಳಿನಲ್ಲಿ ಬೆರಳಿನಿಂದ ನಾಲ್ಕು ಸೊನ್ನೆ, ಪಕ್ಕದಲ್ಲಿ ನಾಲ್ಕು ಚೌಕ ಬರೆದು, ನಡುವಿನ ಜಾಗ ತೋರಿಸಿದ. ನಾನು ಬಿಲ್ ಕೊಟ್ಟು ಬಂದೆ.